ಹಾಡೋ ಚಿತ್ರಪುಸ್ತಕ, ಸ್ಕಾರ್ಫು, ಶೇಕರು ಎಲ್ಲಾ ಇರೋ ಮ್ಯೂಸಿಕ್ ಕಿಟ್: ಒಂದು ಟರ್ಮ್ ಬಳಸಿದ ಮೇಲೆ ನನ್ನ ರಿವ್ಯೂ

ಬಾಕ್ಸ್ ಬಂದ ದಿನವೇ ರಿವ್ಯೂ ಬರೆದಿದ್ರೆ ಕಣ್ಮುಚ್ಕೊಂಡು ಐದಕ್ಕೆ ಐದು ಕೊಟ್ಬಿಡ್ತಿದ್ದೆ, ನೋಡೋಕೆ ಅಷ್ಟು ಚೆನ್ನಾಗಿದೆ. ಆರು ಚಿತ್ರಪುಸ್ತಕ, ಎಲ್ಲಾ ಓದೋದಕ್ಕಲ್ಲ, ಹಾಡೋದಕ್ಕೆ ಅಂತಾನೇ ಮಾಡಿರೋದು. ಜೊತೆಗೆ ಹತ್ತು ಬಣ್ಣದ ಸ್ಕಾರ್ಫು, ಅಲ್ಲಾಡಿಸಿದ್ರೆ ಸದ್ದು ಮಾಡೋ ಹತ್ತು ಮೊಟ್ಟೆ ಆಕಾರದ ಶೇಕರು, ಹತ್ತು ಜೊತೆ ಮರದ ಕೋಲು, ನಾಲ್ಕು ಬೀನ್‌ಬ್ಯಾಗು (ಕೈಲಿ ಹಿಡಿಯೋಷ್ಟು ಪುಟ್ಟ, ತೂಕದ ಬಟ್ಟೆ ಚೀಲ), ಒಂದು ಕೈಗೊಂಬೆ, ಒಂದು ಪುಟ್ಟ ಡ್ರಮ್ಮು, ಆಮೇಲೆ ಟೀಚರ್‌ಗೆ ಅಂತ ಒಂದು ಪಾಂಪ್ಲೆಟ್. ನಾನು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಮ್ಯೂಸಿಕ್ ಕ್ಲಾಸ್ ಮಾಡ್ತೀನಿ, ಒಂದು ಬ್ಯಾಚಿಗೆ ಒಂಬತ್ತು ಮಕ್ಕಳು, 40 ನಿಮಿಷ. 14 ಕ್ಲಾಸ್ ಆದ್ಮೇಲೆ ಈಗ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ, ಇಂಥ ಕಿಟ್ ಬೇಕಾದಷ್ಟು ಬರ್ತಿವೆ, ಒಳಗಿರೋ ಸಾಮಾನು ಹೆಚ್ಚೂಕಮ್ಮಿ ಒಂದೇ, ಹಾಗಾಗಿ ನೀವು ಯಾವುದನ್ನ ನೋಡ್ತಿದ್ರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಪುಸ್ತಕಗಳ ವಿಷಯ, ಯಾಕಂದ್ರೆ ದುಡ್ಡು ಹೋಗೋದೂ ಅಲ್ಲೇ, ನಾವು ಮೋಸ ಹೋಗೋದೂ ಅಲ್ಲೇ.

ಅಂಗಡಿಲಿ ಎಲ್ರೂ ನೋಡೋದು ಚಿತ್ರ. ನಾನೂ ಹಾಗೇ ನೋಡ್ತಿದ್ದೆ. ಈಗ ಮೊದಲು ನೋಡೋದು ಪುಟ ಎಲ್ಲಿ ತಿರುಗುತ್ತೆ ಅಂತ. ಸ್ವಲ್ಪ ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 100 ಬೀಟ್ ಸ್ಪೀಡಲ್ಲಿ ಹಾಡ್ತಿದೀರ ಅಂದ್ರೆ ಒಂದು ಬೀಟಿಗೆ 0.6 ಸೆಕೆಂಡು, ನಾಲ್ಕು ನಾಲ್ಕು ಬೀಟಿನ ನಾಲ್ಕು ಸಾಲಿನ ಪದ್ಯಕ್ಕೆ ಹತ್ತು ಸೆಕೆಂಡೂ ಆಗಲ್ಲ. ಪುಸ್ತಕ ಮಕ್ಕಳ ಕಡೆ ಮುಖ ಮಾಡಿ ಹಿಡ್ಕೊಂಡು ಪಕ್ಕದಿಂದ ಕೈ ಹಾಕಿ ಒಂದು ಹಾಳೆ ತಿರುಗಿಸೋಕೆ ಏನಿಲ್ಲ ಅಂದ್ರೂ ಒಂದು ಸೆಕೆಂಡ್ ಬೇಕು, ಅಂದ್ರೆ ಹತ್ರ ಹತ್ರ ಎರಡು ಬೀಟು ಹಾಳೆಗೇ ಹೋಯ್ತು. ಪದ್ಯದ ಕೊನೇಲಿ ಆ ಎರಡು ಬೀಟಿನ ಜಾಗ ಇದ್ರೆ ಪುಸ್ತಕ ತಾನಾಗಿ ಹಾಡ್ಸುತ್ತೆ. ಇಲ್ಲ ಅಂದ್ರೆ ಪ್ರತಿ ಪುಟಕ್ಕೂ ತಾಳ ಎಡವುತ್ತೆ, ಮಕ್ಕಳು ಮುಂದೆ ಹೋಗಿರ್ತಾರೆ, ನಾನಿನ್ನೂ ಅಂಟ್ಕೊಂಡಿರೋ ಹಾಳೆ ಬಿಡಿಸ್ತಾ ಇರ್ತೀನಿ.

ಈ ಕಿಟ್‌ನ ಆರರಲ್ಲಿ ಮೂರು ಪುಸ್ತಕ ಮಾತ್ರ ಈ ಪರೀಕ್ಷೇಲಿ ಪಾಸು. ಮಳೆ ಪುಸ್ತಕ, ಬಸವನಹುಳು ಪುಸ್ತಕ, ಮತ್ತೆ ದೋಣಿಗೆ ಒಂದೊಂದೇ ಪ್ರಾಣಿ ಹತ್ತೋ ಪುಸ್ತಕ. ಇನ್ನೊಂದರಲ್ಲಿ, ಚಂದಮಾಮನ ಲಾಲಿ ಅದು, ಚಿತ್ರಗಳಂತೂ ಗೋಡೆಗೆ ಫ್ರೇಮ್ ಹಾಕಿಸ್ಬೇಕು ಅನ್ನೋ ಹಾಗಿವೆ, ಆದ್ರೆ ಸಾಲು ಅರ್ಧ ಇರೋವಾಗ್ಲೇ ಪುಟ ಮುಗಿಯುತ್ತೆ. "ಮಲಗು ಮಲಗು" ಅಂತ ಇಲ್ಲಿ, ಯಾರು ಮಲಗಬೇಕು ಅನ್ನೋದು ಆ ಕಡೆ ಪುಟದಲ್ಲಿ! ಇದು ಬರೆದೋರು ಕೂತು ಓದಿ ನೋಡಿದಾರೆ, ನಿಂತು ಹಾಡಿ ನೋಡಿಲ್ಲ.

ಇನ್ನೆರಡು ಅನುವಾದದ ಪುಸ್ತಕ. ಅರ್ಥ ಸರಿಯಾಗೇ ಬಂದಿದೆ, ಮಾತ್ರೆ ಮಾತ್ರ ಎಲ್ಲೋ ಓಡಿಹೋಗಿದೆ. ಎಂಟು ಮಾತ್ರೆ ಹಿಡಿಸೋ ಜಾಗಕ್ಕೆ ಹನ್ನೊಂದು ತುರುಕಿದಾರೆ, ಅದೂ ದೀರ್ಘಾಕ್ಷರ ಬೀಟಿನ ಮೇಲೆ ಕೂರೋದು ಬಿಟ್ಟು ಬೀಟು ದಾಟಿದ ಮೇಲೆ ಬರುತ್ತೆ. ದೊಡ್ಡೋರು ಹೇಗೋ ಎಳೆದು ಜಗ್ಗಿ ಹೊಂದಿಸ್ತಾರೆ, ನಾಲ್ಕು ವರ್ಷದ ಮಗು ಅಲ್ಲಿಗೆ ಬಂದು ಸುಮ್ನೆ ಬಾಯಿ ಮುಚ್ಕೊಳ್ಳುತ್ತೆ. ನಾನು ಒಂದು ಪುಸ್ತಕದ ಸಾಲುಗಳ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ನಂದೇ ಸಾಲು ಬರೆದೆ. ಅದೀಗ ಪರವಾಗಿಲ್ಲ. ದುಡ್ಡು ಕೊಟ್ಟು ತಗೊಂಡ ಪುಸ್ತಕಕ್ಕೆ ನಾವೇ ಹಾಡು ಬರೀಬೇಕಾ ಅಂತ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ.

ಉದ್ದದ ಬಗ್ಗೆನೂ ಒಂದು ಮಾತು. ಚಿತ್ರಪುಸ್ತಕ ಅಂದ್ರೆ ಸಾಮಾನ್ಯವಾಗಿ 32 ಪುಟ, ದೊಡ್ಡ ಹಾಳೆ ಮಡಚಿ ಕತ್ತರಿಸಿದ್ರೆ 8ರ, 16ರ ಲೆಕ್ಕದಲ್ಲಿ ಪುಟ ಬರೋದ್ರಿಂದ ಪ್ರಿಂಟಿಂಗ್‌ಗೆ ಅದು ಅನುಕೂಲ. ಹಾಡಿಗೆ ಅನುಕೂಲ ಅಂತೇನಿಲ್ಲ. ಟೈಟಲ್ ಪುಟ ಅದು ಇದು ಕಳೆದು ಜೋಡಿ ಪುಟಕ್ಕೆ ಒಂದು ಪದ್ಯ ಅಂದ್ರೂ ಹನ್ನೆರಡು ಹದಿಮೂರು ಪದ್ಯ ಆಗುತ್ತೆ. ಒಂದೇ ಧಾಟಿಲಿ ಹದಿಮೂರು ಪದ್ಯ ಹಾಡಿದ್ರೆ ಚಿಕ್ಕೋರು ಎಂಟನೇದಕ್ಕೇ ಚಾಪೆ ಮೇಲೆ ಉರುಳಾಡೋಕೆ ಶುರು. ಎರಡು ಪುಸ್ತಕದಲ್ಲಿ ನಡುವಿನ ಪುಟಗಳನ್ನ ಕ್ಲಿಪ್ ಹಾಕಿ ಸೇರಿಸ್ಬಿಟ್ಟಿದೀನಿ, ಯಾರಿಗೂ ಗೊತ್ತಾಗಿಲ್ಲ. ಒಬ್ಬಳು ಬಿಟ್ಟು. ಅವಳು ಕ್ಲಾಸ್ ಮುಗಿದ್ಮೇಲೆ ಬಂದು "ಮಿಸ್, ಈ ಪುಟಕ್ಕೆ ಜ್ವರಾನಾ" ಅಂತ ಕೇಳಿದ್ಲು.

ಬಸವನಹುಳು ಪುಸ್ತಕದ ಬಗ್ಗೆ ಜಾಸ್ತಿ ಹೇಳ್ಲೇಬೇಕು. ಕಥೆ ಅಂತ ಏನೂ ಇಲ್ಲ, ಹುಳು ಗೋಡೆ ಹತ್ತುತ್ತೆ, ಪ್ರತಿ ಪುಟದ ಕೊನೇಲಿ ನಿಂತು ಉಸಿರು ಬಿಡುತ್ತೆ, ಆಮೇಲೆ ಮುಂದಿನ ಪುಟ. ಹಾಡಲ್ಲಿರೋದು ಬರೀ ಮೂರು ಸ್ವರ, ಪ ಗ ದ. ಮಕ್ಕಳು ದೂರದಿಂದ ಯಾರನ್ನಾದ್ರೂ ಕೂಗೋವಾಗ, ಒಬ್ಬರನ್ನೊಬ್ಬರು ರೇಗಿಸೋವಾಗ ದನಿ ಪಂಚಮದಿಂದ ಗಾಂಧಾರಕ್ಕೆ ಇಳಿಯುತ್ತಲ್ಲ, ಅದೇ ಇಳಿಕೆ. ಯಾರೂ ಕಲಿಸದೇ ಬಾಯಿಗೆ ಬರೋದು ಅದು. ನಮ್ಮ ಬ್ಯಾಚಲ್ಲಿ ಒಬ್ಬ ಹುಡುಗ ಇದಾನೆ, ಐದು ವರ್ಷ, ಐದು ಕ್ಲಾಸ್ ಆದ್ರೂ ಒಂದು ಸ್ವರ ಹಾಡಿರ್ಲಿಲ್ಲ, ಗೋಡೆಗೆ ಒರಗಿ ಕೂತು ನೋಡೋದಷ್ಟೇ. ಆರನೇ ಕ್ಲಾಸಲ್ಲಿ ನನ್ನ ಕೈ ನೋಯ್ತಿತ್ತು ಅಂತ "ಪುಟ ನೀನು ತಿರುಗಿಸ್ತೀಯಾ" ಅಂದೆ. ಬಂದ. ಮೊದಲ ಪುಟ ಸರಿಯಾಗಿ ತಿರುಗಿಸ್ದ. ಎರಡನೇ ಪುಟದ ಹತ್ರ ಹಾಳೆ ಹಿಡ್ಕೊಂಡು ನಿಂತ್ಬಿಟ್ಟ. ತಿರುಗಿಸ್ತಾನೇ ಇಲ್ಲ. ಎಂಟು ಮಕ್ಕಳೂ ಬಾಯಿ ತೆರ್ಕೊಂಡು ಉಸಿರು ಬಿಗಿಹಿಡಿದು ಅವನ ಬೆರಳನ್ನೇ ನೋಡ್ತಾ ಕೂತಿದಾರೆ, ಅವನ ಮುಖದಲ್ಲಿ ಒಂದು ಕಳ್ಳ ನಗು. ಆಮೇಲೆ ಪಟ್ ಅಂತ ತಿರುಗಿಸ್ದ, ಎಲ್ರೂ ಒಟ್ಟಿಗೆ ಪಂಚಮದ ಮೇಲೆ ಬಿದ್ರು ನೋಡಿ! ಇಷ್ಟು ವರ್ಷದಲ್ಲಿ ವಿರಾಮ ಅಂದ್ರೇನು ಅಂತ ನಾನು ಬಾಯಲ್ಲಿ ಹೇಳಿ ಕಲಿಸೋಕೆ ಆಗಿರ್ಲಿಲ್ಲ, ಬಾಯಿ ಮೇಲೆ ಬೆರಳಿಟ್ಟು ತೋರ್ಸೋದು, ಬೋರ್ಡ್ ಮೇಲೆ ಚಿಹ್ನೆ ಬರೆಯೋದು ಎಲ್ಲಾ ಮಾಡಿದ್ದೆ. ನಾಲ್ಕನೇ ಪುಟದ ಹೊತ್ತಿಗೆ ಅವನೂ ಹಾಡ್ತಿದ್ದ, ಮೆಲ್ಲಗೆ, ಬಹುಶಃ ಅವನಿಗೇ ಗೊತ್ತಿರ್ಲಿಲ್ಲ. ನಾನು ಆ ಕಡೆ ನೋಡ್ಲೇ ಇಲ್ಲ, ನೋಡಿದ್ರೆ ನಿಲ್ಲಿಸ್ಬಿಡ್ತಿದ್ದ.

ಈಗ ಬೈಯೋ ಭಾಗ. ಪ್ರತಿ ಪುಸ್ತಕದ ಹಿಂದೆ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದ್ರೆ ಹಾಡು ಬರುತ್ತೆ. ಹಾಡಿರೋ ಹೆಂಗಸಿನ ದನಿ ಬಹಳ ಚೆನ್ನಾಗಿದೆ, ತೊಂದರೆನೂ ಅದೇ, ಅವರ ಗಂಟಲಿಗೆ ಆರಾಮಾಗೋ ಶ್ರುತಿಲಿ ಹಾಡಿದಾರೆ. ಯಾವ ಸ್ವರ ಅಂತ ತೋರಿಸೋ ಟ್ಯೂನರ್ ಹಾಕಿ ನೋಡ್ದೆ, ನಾಲ್ಕು ಹಾಡು ಮಿಡ್ಲ್ ಸಿ (ಪಿಯಾನೋ ನಡುವಿನ ಸಿ ಸ್ವರ) ಗಿಂತ ಕೆಳಗಿನ ಜಿ, ಎ ಇಂದ ಶುರುವಾಗುತ್ತೆ. ಈ ವಯಸ್ಸಿನ ಮಕ್ಕಳಿಗೆ ಹಾಡೋ ದನಿ ಸಲೀಸಾಗಿ ಸಿಗೋದು ಹೆಚ್ಚುಕಮ್ಮಿ ಮಿಡ್ಲ್ ಸಿ ಪಕ್ಕದ ಡಿ ಇಂದ ಅದರ ಮೇಲಿನ ಎ ತನಕ. ಅದಕ್ಕಿಂತ ಕೆಳಗೆ ಕೊಟ್ರೆ ಹಾಡಲ್ಲ, ಮಾತಾಡ್ತಾರೆ, ಗೊಣಗ್ತಾರೆ, ಆಮೇಲೆ ನಾವು "ಈ ಮಗೂಗೆ ಶ್ರುತಿ ಕೂರಲ್ಲ" ಅಂತ ಹಣೆಪಟ್ಟಿ ಕಟ್ತೀವಿ. ಮಗು ಸರಿಯಾಗೇ ಇದೆ ಸ್ವಾಮಿ, ಟ್ರ್ಯಾಕ್ ತಗ್ಗಲ್ಲಿದೆ. ಅದರ ಮೇಲೆ ಹಿಂದೆ ಡ್ರಮ್ಸು, ಗಿಟಾರು, ಏನೇನೋ ಗಂಟೆ, ಒಂದು ಕಡೆ ಕೋಳಿ ಕೂಗುತ್ತೆ. ಟ್ರ್ಯಾಕ್‌ಗೆ ಪುಟ ತಿರುಗಿಸೋವರೆಗೂ ಕಾಯೋಕೆ ಗೊತ್ತಿಲ್ಲ, ನಮ್ಮ ಹುಡುಗ ನಿಲ್ಲಿಸಿದ ಹಾಗೆ ನಿಲ್ಲಿಸೋಕೂ ಆಗಲ್ಲ. ಎರಡನೇ ವಾರದಿಂದ ಅದನ್ನ ಮುಟ್ಟಿಲ್ಲ. ನಿಮ್ಮ ದನಿ ಹೇಗೇ ಇರ್ಲಿ, ನೀವೇ ಹಾಡಿ, ಸ್ವಲ್ಪ ಏರಿಸಿ ಹಿಡೀರಿ ಅಷ್ಟೇ.

ಪಾಂಪ್ಲೆಟ್ಟಲ್ಲಿ ದೊಡ್ಡ ದೊಡ್ಡ ಹೆಸರು ಉದುರಿಸಿದಾರೆ. ಕೈಯಲ್ಲಿ ಸ್ವರ ತೋರಿಸೋ ಮುದ್ರೆಗಳನ್ನ ಕೊಡಾಯ್ ಕಂಡುಹಿಡಿದ್ರು ಅಂತ ಬರೆದಿದೆ, ಅದು ತಪ್ಪು. ಅದು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ (1816–1880) ರೂಪಿಸಿದ್ದು, ಹಂಗೇರಿಯ ಜೋಲ್ತಾನ್ ಕೊಡಾಯ್ (1882–1967) ಹೆಸರಿನ ಸಂಗೀತ ಕಲಿಸೋ ಪದ್ಧತಿಯಲ್ಲಿ ಅದನ್ನ ತಗೊಂಡು ಬಳಸಿದ್ರು. ಜರ್ಮನಿಯ ಸಂಗೀತ ರಚನಕಾರ ಕಾರ್ಲ್ ಓರ್ಫ್ (1895–1982) ಹೆಸರೂ ಇದೆ, ಮಕ್ಕಳಿಗೋಸ್ಕರವೇ ಶುರು ಮಾಡಿದ್ರು ಅನ್ನೋ ಹಾಗೆ. ಅವರು 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥೆ ಗುಂಟರ್ ಜೊತೆ ಸೇರಿ ತೆಗೆದ ಶಾಲೆಯಲ್ಲಿ ಕಲೀತಿದ್ದೋರು ನೃತ್ಯ, ವ್ಯಾಯಾಮ, ಸಂಗೀತಕ್ಕೆ ಬಂದ ಯುವತಿಯರು. ಮಕ್ಕಳ ಕಡೆ ಪೂರ್ತಿ ತಿರುಗಿದ್ದು 1948ರಲ್ಲಿ ಬವೇರಿಯಾ ರೇಡಿಯೋ ಕಾರ್ಯಕ್ರಮ ಮಾಡಿದಾಗ, ಜೊತೆಲಿ ಅವರ ಸಹೋದ್ಯೋಗಿ ಗುನಿಲ್ಡ್ ಕೇಟ್‌ಮನ್ ಇದ್ರು, ಅವರ ಹೆಸರು ಪಾಂಪ್ಲೆಟ್ಟಲ್ಲೇ ಇಲ್ಲ. ಇದೆಲ್ಲಾ ತಿಳಿಯದೇ ಇದ್ರೂ ಕ್ಲಾಸ್ ಮಾಡಬಹುದು ಬಿಡಿ. ಆದ್ರೆ ಓರ್ಫ್ ಹೆಸರು ಹೇಳಿ ಐದು ಸ್ವರದಲ್ಲಿ ಹಾಡು ಕಟ್ಟಿರೋದು ಮಾತ್ರ ಒಳ್ಳೇದಾಯ್ತು, ದೋಣಿ ಪುಸ್ತಕದ ಧಾಟಿ ಸರಿಯಾಗಿ ಮೋಹನ ರಾಗದ ಸ್ವರಗಳೇ, ಮಧ್ಯಮ ನಿಷಾದ ಇಲ್ಲ, ಹಾಗಾಗಿ ಯಾವ ಮಗು ಯಾವ ಸ್ವರ ಹಿಡಿದ್ರೂ ಕಿವಿಗೆ ಹೊಡೆಯಲ್ಲ.

ಪ್ರಾಪ್ಸ್‌ಗೆ, ಅಂದ್ರೆ ಹಾಡಿನ ಜೊತೆ ಕೈಗೆ ಕೊಡೋ ಸಾಮಾನಿಗೆ ಬರ್ತೀನಿ. ಬಾಕ್ಸಲ್ಲಿ ಎಲ್ಲಕ್ಕಿಂತ ಸಾದಾ ವಸ್ತು ಸ್ಕಾರ್ಫು, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದೂ ಅದೇ. ಎರಡಡಿ ಚಚ್ಚೌಕ, ಆಚೆ ಕಡೆ ಕಾಣೋಷ್ಟು ತೆಳು ಬಟ್ಟೆ. ನಮ್ಮ ಮಾತಲ್ಲೇ ಒಂದು ತೊಡಕಿದೆ ನೋಡಿ, ದನಿ ಏರಿಸು ಅಂದ್ರೆ ಜೋರು ಮಾಡು ಅಂತಾನೂ ಆಗುತ್ತೆ, ದನಿ ತಗ್ಗಿಸು ಅಂದ್ರೆ ಮೆಲ್ಲಗೆ ಅಂತ. ಹಾಗಾಗಿ "ಮೇಲಿನ ಸ್ವರ ಹಾಡಿ" ಅಂದ ತಕ್ಷಣ ಒಂಬತ್ತು ಜನಾನೂ ಕಿರುಚ್ತಾರೆ. ಸ್ಕಾರ್ಫ್ ಕೈಗೆ ಕೊಟ್ಟು ಮೇಲಕ್ಕೆ ಎಸೀರಿ, ಅದು ಎಲ್ಲಿದ್ಯೋ ನಿಮ್ಮ ದನಿನೂ ಅಲ್ಲೇ ಇರ್ಬೇಕು ಅಂದೆ. ಬಟ್ಟೆ ಹಗುರ, ಮೇಲಿಂದ ನಿಧಾನಕ್ಕೆ ತೇಲ್ತಾ ಬರುತ್ತೆ, ಅದನ್ನ ನೋಡ್ತಾ ಯಾರಿಗೂ ಕಿರುಚೋಕೆ ಮನಸ್ಸು ಬರಲ್ಲ, ದನಿನೂ ತೆಳ್ಳಗೆ ಜಾರ್ಕೊಂಡು ಬಂತು. ಎರಡು ನಿಮಿಷದಲ್ಲಿ ಏರು ಬೇರೆ ಜೋರು ಬೇರೆ ಅಂತ ಮೈಗೆ ಗೊತ್ತಾಯ್ತು. ಮಳೆ ಪುಸ್ತಕದ ಜೊತೆ ಇದನ್ನ ಹಾಕಿದೆ, ಮೋಡದ ಪುಟಕ್ಕೆ ತಲೆ ಮೇಲೆ, ಹನಿ ಪುಟಕ್ಕೆ ಬೆರಳ ತುದಿಲಿ ಕುಣಿಸೋದು, ಕೊನೇ ಪುಟದಲ್ಲಿ ಮುಷ್ಟಿಯೊಳಗೆ ಬಚ್ಚಿಟ್ಟು ಹೂವಿನ ಹಾಗೆ ಬಿಡಿಸೋದು. ಒಂದೇ ಕಂಪ್ಲೇಂಟು, ಒಗೆದ ಮೇಲೆ ಕೆಂಪು ಬಣ್ಣ ಬಿಡ್ತು, ಬಿಳೀದೀಗ ಗುಲಾಬಿ. ಗುಲಾಬಿ ಈಗ ಎರಡು ಆಗಿರೋದ್ರಿಂದ ಜಗಳ ಕಮ್ಮಿಯಾಗಿದೆ, ಅದು ಬೇರೆ ವಿಷಯ.

ಶೇಕರ್. ಮೊದಲ ದಿನ ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡ್ಬೇಡಿ. ಪುಟ್ಟಿ ತಂದು ನಡುವೆ ಇಟ್ಟು "ಒಂದೊಂದು ತಗೊಳ್ಳಿ" ಅಂದೆ. ಅಷ್ಟೇ. ಆಮೇಲೆ ಆ ಕ್ಲಾಸಲ್ಲಿ ನನ್ನ ಮಾತು ನನಗೇ ಕೇಳಿಸ್ಲಿಲ್ಲ. ಒಬ್ಬ ಅದನ್ನ ನೆಲಕ್ಕೆ ಕುಟ್ಟಿ ಕುಟ್ಟಿ ಅಂಟಿಸಿರೋ ಜಾಗದಲ್ಲೇ ಬಿರುಕು ಬಿಡಿಸ್ದ, ಒಳಗಿನ ಮಣಿಗಳು ಚಾಪೆ ತುಂಬಾ. ಒಂದೊಂದೇ ಹೆಕ್ಕೋವಾಗ ನನ್ನ ಜೀವ ಬಾಯಿಗೆ ಬಂದಿತ್ತು, ಯಾಕಂದ್ರೆ ಒಬ್ಬ ಮಗುವಿನ ಪುಟ್ಟ ತಂಗಿ ಅಲ್ಲೇ ಬಾಗಿಲ ಹತ್ರ ಅಂಬೆಗಾಲಿಡ್ತಿತ್ತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋಕೆ 31.7 ಮಿಲಿಮೀಟರ್ ಅಗಲದ ಒಂದು ಸಿಲಿಂಡರ್ ಇರುತ್ತೆ, ಅದರೊಳಗೆ ಪೂರ್ತಿ ಹೋಗೋಷ್ಟು ಚಿಕ್ಕ ವಸ್ತು ಗಂಟಲಿಗೆ ಸಿಕ್ಕಿಹಾಕ್ಕೊಳ್ಳೋ ಅಪಾಯ ಇದೆ ಅಂತ ಲೆಕ್ಕ. ಮೊಟ್ಟೆ ಆ ಸಿಲಿಂಡರಲ್ಲಿ ಹಿಡಿಸಲ್ಲ, ಸರಿ, ಒಡೆದ ಮೊಟ್ಟೆಯ ಮಣಿ? ಕಂಪನಿಗೆ ಮೇಲ್ ಹಾಕ್ದೆ, ಬೇರೆ ಒಂದು ಕಳಿಸಿಕೊಟ್ರು, ಒಡೆದಿದ್ದು ಯಾಕೆ ಅನ್ನೋದಕ್ಕೆ ಉತ್ತರ ಬರ್ಲಿಲ್ಲ. ಈಗ ಎಲ್ಲಾ ಶೇಕರ್‌ಗೂ ನಡುವೆ ಟೇಪ್ ಸುತ್ತಿದೀನಿ. ಕೊಡೋ ರೀತಿನೂ ಬದಲಾಯ್ತು, ಪುಸ್ತಕ ಮೂರು ಸಲ ಹಾಡಿ ಬಾಯಿಗೆ ಬಂದ ಮೇಲೆ ಮಾತ್ರ, ಹಾಡ್ತಾ ಹಾಡ್ತಾನೇ ಒಬ್ಬೊಬ್ಬರ ಅಂಗೈಗೆ ಇಡೋದು, ವಾಪಸ್ ತಗೋಳೋದೂ ಹಾಡಲ್ಲೇ, "ಮೊಟ್ಟೆ ಗೂಡಿಗೆ ಹೋಯ್ತು" ಅಂತ ಅದೇ ಪ ಗ ಸ್ವರದಲ್ಲಿ. ಮಾತಲ್ಲಿ ವಾಪಸ್ ಕೇಳಿದ್ರೆ ಯಾರೂ ಕೊಡಲ್ಲ, ಹಾಡಲ್ಲಿ ಕೇಳಿದ್ರೆ ಕೊಡ್ತಾರೆ. ಯಾಕೆ ಅಂತ ಕೇಳ್ಬೇಡಿ.

ಬೀನ್‌ಬ್ಯಾಗ್ ತಾಳಕ್ಕೆ ಬಹಳ ಒಳ್ಳೇದು. ಮಕ್ಕಳಿಗೆ ಚಪ್ಪಾಳೆ ತಟ್ಟಿ ಅಂದ್ರೆ ಬೀಟ್ ತಟ್ಟಲ್ಲ, ಪದದಲ್ಲಿ ಎಷ್ಟು ಅಕ್ಷರ ಇದ್ಯೋ ಅಷ್ಟೂ ತಟ್ತಾರೆ. ಗುಂಡಗೆ ಕೂರಿಸಿ ಬೀನ್‌ಬ್ಯಾಗ್ ಪಕ್ಕದೋರ ಕೈಗೆ ದಾಟಿಸ್ತಾ ಹೋಗಿ ಅಂದ್ರೆ ಅಕ್ಷರಕ್ಕೊಂದು ದಾಟಿಸೋಕೆ ಆಗೋದೇ ಇಲ್ಲ, ಅದರ ತೂಕವೇ ಅವರನ್ನ ಬೀಟಿಗೆ ತಂದು ನಿಲ್ಲಿಸುತ್ತೆ. ದೋಣಿ ಪುಸ್ತಕದ ಜೊತೆ ಮಾಡ್ದೆ, ಒಂದೊಂದು ಪ್ರಾಣಿ ಹತ್ತಿದಾಗ್ಲೂ ಒಂದು ಬ್ಯಾಗ್ ಜಾಸ್ತಿ. ಆನೆ ಬರೋ ಹೊತ್ತಿಗೆ ನಾಲ್ಕೂ ಸುತ್ತು ಹಾಕ್ತಿದ್ವು, ದೋಣಿ ಮುಳುಗಿತು, ಮಕ್ಕಳು ಚಾಪೆ ಮೇಲೆ ಬಿದ್ದು ನಕ್ಕಿದ್ದೇ ನಕ್ಕಿದ್ದು. ಒಂದು ಸೂಚನೆ, ಸ್ಪೀಡ್ ನಮ್ಮದಲ್ಲ ಅವರದು ಇರ್ಲಿ, ಸಣ್ಣ ಮಕ್ಕಳ ಸಹಜ ನಡೆ ದೊಡ್ಡೋರಿಗಿಂತ ಚುರುಕು, ನಾವು ನಿಧಾನ ಮಾಡಿದ್ರೆ ಸುಲಭ ಆಗುತ್ತೆ ಅಂದ್ಕೋತೀವಿ, ಅವರಿಗೆ ಅದೇ ಕಷ್ಟ.

ಮರದ ಕೋಲು ಕೊಟ್ಟ ಅರ್ಧ ನಿಮಿಷಕ್ಕೆ ಕತ್ತಿವರಸೆ. ನಯವಾಗಿ ಉಜ್ಜಿದಾರೆ, ಸಿಬಿರಿಲ್ಲ, ಸದ್ದೂ ಚೆನ್ನಾಗಿದೆ. ಆರು ವರ್ಷದೋರಿಗೆ ಸರಿ. ನಾಲ್ಕು ವರ್ಷದೋರಿಗೆ ಒಂದೇ ಕೋಲು ಕೊಟ್ಟು ನೆಲಕ್ಕೆ ತಟ್ಟಿಸ್ತೀನಿ.

ಕೈಗೊಂಬೆ ಒಂದು ಮೊಸಳೆ, ಬಾಯಿ ತುಂಬಾ ಬಿಳಿ ಫೆಲ್ಟ್ ಹಲ್ಲು. ಯಾರಿಗೆ ಈ ಐಡಿಯಾ ಬಂತೋ. ಮೊದಲ ಸಲ ತೆಗೆದಾಗ ಚಿಕ್ಕವಳೊಬ್ಬಳು ಅತ್ತು ಕ್ಲಾಸಿಂದ ಹೊರಗೆ. ಹಲ್ಲು ಕಿತ್ತು ಹಾಕಿ ಎರಡು ವಾರ ಬಿಟ್ಟು ತಂದೆ, ಈಗ ಅದು ನಿದ್ದೆಬುರುಕ ಮೊಸಳೆ, ಮೆಲ್ಲಗೆ ಹಾಡಿದ್ರೆ ಮಾತ್ರ ಮಲಗುತ್ತೆ, ಜೋರಾದ್ರೆ ಒಂದು ಕಣ್ಣು ಬಿಡುತ್ತೆ. ಒಬ್ಬರೇ ಹಾಡೋಕೆ ನಾಚೋ ಮಕ್ಕಳು ನನಗೆ ಹಾಡಲ್ಲ, ಮೊಸಳೆಗೆ ಹಾಡ್ತಾರೆ. ಅವಳೂ ಹಾಡ್ತಾಳೆ, ಮೊದಲು ಬಾಯೊಳಗೆ ಬೆರಳು ಹಾಕಿ ಹಲ್ಲಿಲ್ಲ ಅಂತ ಚೆಕ್ ಮಾಡಿದ್ಮೇಲೆ. ಡ್ರಮ್ ಬಗ್ಗೆ ಹೇಳೋಕೆ ಏನೂ ಇಲ್ಲ, ಪ್ಲಾಸ್ಟಿಕ್ ಡಬ್ಬಿ ಸದ್ದು, ಬೀರು ಮೇಲಿದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೂ ಹೇಳಿಲ್ಲ, ಪುಸ್ತಕ ನಿಲ್ಲಿಸೋ ಸ್ಟ್ಯಾಂಡ್ ಕೊಟ್ಟಿಲ್ಲ. ಒಂದು ಕೈಲಿ ಪುಸ್ತಕ, ಇನ್ನೊಂದು ಕೈಲಿ ಹಾಳೆ, ಸ್ಕಾರ್ಫ್ ಬೀಸೋದು ಯಾವ ಕೈಲಿ? ಇದನ್ನೆಲ್ಲಾ ಕಿಟ್ ಮಾಡಿದೋರು ಒಂದು ದಿನ ಒಂಬತ್ತು ಮಕ್ಕಳನ್ನ ಕೂರಿಸ್ಕೊಂಡು ನೋಡಿದ್ರೆ ಗೊತ್ತಾಗ್ತಿತ್ತು. ಸೈಜೂ ಅಷ್ಟೇ, ಮಡಿಲಲ್ಲಿ ಒಂದು ಮಗು ಕೂರಿಸ್ಕೊಂಡು ತೋರ್ಸೋಕೆ ಸರಿ, ಅರ್ಧಚಂದ್ರ ಮಾಡಿ ಕೂರಿಸಿದ್ರೆ ತುದಿಲಿರೋ ಇಬ್ಬರಿಗೆ ಬರೀ ಹಾಳೆ ಅಂಚು ಕಾಣುತ್ತೆ. ಬಸವನಹುಳು ಪುಸ್ತಕದ ಒಂದು ಹಾಳೆ ಹೊಲಿಗೆಯಿಂದ ಆಗಲೇ ಬಿಟ್ಕೊಂಡಿದೆ, ಅದು ಬಳಕೆ ಜಾಸ್ತಿ ಆಗಿ, ಬೈಯಲ್ಲ.

ನಾನು ಈಗ ಮಾಡೋದು ಹೀಗೆ, ಒಂದು ಪುಸ್ತಕ ನಾಲ್ಕು ವಾರ. ಮೊದಲ ವಾರ ನಾನೊಬ್ಬಳೇ ಹಾಡ್ತೀನಿ, ಕೈಲಿ ಏನೂ ಕೊಡಲ್ಲ. ಎರಡನೇ ವಾರ ಪಲ್ಲವಿಗೆ ಅವರು. ಮೂರನೇ ವಾರ ಪ್ರಾಪ್, ಒಂದೇ ಒಂದು ಥರದ್ದು, ಎರಡು ಥರ ಹೊರಗೆ ತೆಗೆದ್ರೆ ಅವತ್ತು ಹಾಡು ಮರೆತುಹೋದ ಹಾಗೇ. ನಾಲ್ಕನೇ ವಾರ ಪುಸ್ತಕ ಮುಚ್ಚಿಟ್ಟು ಹಾಡೋದು, ನಡುವೆ ಒಂದು ಪದ್ಯ ಬಾಯಿ ಬಿಡದೆ ಮನಸ್ಸಲ್ಲೇ ಹಾಡಿ ಮುಂದಿನ ಪದ್ಯಕ್ಕೆ ಒಟ್ಟಿಗೆ ಬರೋದು. ಅಮೆರಿಕದ ಸಂಗೀತ ಶಿಕ್ಷಣ ಸಂಶೋಧಕ ಎಡ್ವಿನ್ ಗಾರ್ಡನ್ (1927–2015) ಸದ್ದಿಲ್ಲದೆ ಮನಸ್ಸಲ್ಲಿ ಸಂಗೀತ ಕೇಳಿಸ್ಕೊಂಡು ಅರ್ಥ ಮಾಡ್ಕೊಳ್ಳೋದಕ್ಕೆ ಆಡಿಯೇಶನ್ ಅಂತ ಹೆಸರಿಟ್ರು. ನಮ್ಮ ಮಕ್ಕಳು ಅದಕ್ಕೆ ಇಟ್ಟಿರೋ ಹೆಸರು "ಹೊಟ್ಟೆ ಒಳಗೆ ಹಾಡೋದು".

ಸ್ಟಾರು: ಮಳೆ, ಬಸವನಹುಳು, ದೋಣಿ ಈ ಮೂರು ಪುಸ್ತಕಕ್ಕೆ ಐದಕ್ಕೆ ಐದು, ಸ್ಕಾರ್ಫಿಗೂ ಐದು, ಬೀನ್‌ಬ್ಯಾಗಿಗೆ ನಾಲ್ಕು, ಶೇಕರಿಗೆ ಎರಡು, ಆಡಿಯೋಗೆ ಒಂದು, ಪೂರ್ತಿ ಬಾಕ್ಸಿಗೆ ಮೂರು. ಬಿಡಿಬಿಡಿಯಾಗಿ ಸಿಕ್ಕಿದ್ರೆ ಆ ಮೂರು ಪುಸ್ತಕ, ಒಂದು ಸ್ಟ್ಯಾಂಡು, ತೆಳು ಬಟ್ಟೆ ಹರಿದು ಅಂಚು ಹೊಲಿದು ಹತ್ತು ಚೌಕ ಮಾಡ್ಕೊಂಡ್ರೆ ಸಾಕು. ಮುಂದಿನ ಟರ್ಮ್‌ಗೆ ಬಸವನಹುಳು ಇನ್ನೊಂದು ಕಾಪಿ ಬೇಕು ಅಂತ ಕೇಳಿದೀನಿ, ಬಿಡಿ ಮಾರಲ್ವಂತೆ, ಪೂರ್ತಿ ಬಾಕ್ಸೇ ತಗೋಬೇಕಂತೆ. ಸದ್ಯಕ್ಕೆ ಬಿಟ್ಟಿರೋ ಹಾಳೆಗೆ ಟೇಪ್ ಹಾಕಿದೀನಿ. ಆ ಹಾಳೆ ಈಗ ಸ್ವಲ್ಪ ದಪ್ಪ, ತಿರುಗೋಕೆ ಮೊದಲಿಗಿಂತ ತಡ ಆಗುತ್ತೆ, ನಮ್ಮ ಪುಟ ತಿರುಗಿಸೋ ಹುಡುಗನಿಗೆ ಅದೇ ಖುಷಿ.